‘ನಾಳಿ’ಯನ್ನು ನಾಳೆಯಾಗಿಯೇ ಉಳಿಸಿದ ಶಾಮಲಾ ಇಂಗಳಗಿ

ಪುಣೆಯಲ್ಲಿ ವಿಡಿಯೋ ದಾಖಲೀಕರಣ ಬೆಳೆದುಬಂದ ಬಗೆಯನ್ನು ಯಾರಾದರೂ ಬರೆದರೆ ಅದರಲ್ಲಿ ಕ್ಯಾಮರಾ ಹಿಡಿದವರ ಹೆಸರುಗಳಿರುತ್ತವೆ, ಅನುದಾನ ತಂದವರ ಹೆಸರುಗಳಿರುತ್ತವೆ, ಉದ್ಘಾಟನೆಗೆ ಬಂದು ದೀಪ ಹಚ್ಚಿದವರ ಹೆಸರುಗಳೂ ಇರುತ್ತವೆ. ತುಂಬಿದ ಟೇಪನ್ನು ಕ್ಯಾಮರಾದಿಂದ ಕಂಪ್ಯೂಟರಿಗೆ ಇಳಿಸಿದವರ ಹೆಸರು ಇರುವುದಿಲ್ಲ. ಇಳಿಸುವುದು ಹಮಾಲಿಯ ಕೆಲಸವೆಂದು ಎಲ್ಲರ ತಿಳಿವಳಿಕೆ. ಲಾರಿಯಿಂದ ಚೀಲ ಇಳಿಸಿದವನ ಹೆಸರನ್ನು ಯಾರು ಕೇಳುತ್ತಾರೆ? ಆದರೆ ಮನುಷ್ಯರ ಮಾತು ಚೀಲವಲ್ಲ, ಇಳಿಸುವಾಗಲೇ ಅದರಲ್ಲಿ ಅರ್ಧ ಚೆಲ್ಲಿಹೋಗುತ್ತದೆ, ಚೆಲ್ಲಿದ್ದು ಯಾರದೋ ಒಬ್ಬರ ಬದುಕಾಗಿರುತ್ತದೆ ಎಂಬುದನ್ನು ಬಲ್ಲವರು ಈ ಊರಿನಲ್ಲಿ ನಾನು ಕಂಡಂತೆ ಒಬ್ಬರೇ. ಸದಾಶಿವ ಪೇಠದ ಒಂದು ಸಮಾಜ ಅಧ್ಯಯನ ಸಂಸ್ಥೆಯ ದೃಶ್ಯ ವಿಭಾಗವನ್ನು ತಾಂತ್ರಿಕ ಸಹಾಯಕಿಯಾಗಿ ಸೇರಿ, ಮೂವತ್ತೊಂದು ವರ್ಷ ದುಡಿದು, ತಾಂತ್ರಿಕ ಸಹಾಯಕಿಯಾಗಿಯೇ ಈ ಮೇ ತಿಂಗಳು ನಿವೃತ್ತರಾದ ಶ್ರೀಮತಿ ಶಾಮಲಾ ಇಂಗಳಗಿಯವರು.

ಈ ಗ್ರಂಥದ ಸಂಪಾದಕರಾದ ಗುರಣ್ಣನವರು ಲೇಖನ ಕೇಳಲು ಫೋನು ಮಾಡಿದಾಗ ಒಂದು ಎಚ್ಚರಿಕೆಯನ್ನೂ ಕೊಟ್ಟರು. “ತಮ್ಮಾ, ಇದು ಅಭಿನಂದನ ಗ್ರಂಥ ಅದ. ಹೋಳಿಗಿ ಊಟದಾಗ ಮೆಣಸಿನಕಾಯಿ ಕಡಸಬ್ಯಾಡ.” ನಾನು ಹೂಂ ಅಂದೆ. ಹೂಂ ಅಂದದ್ದಕ್ಕೆ ಅವರ ಕ್ಷಮೆ ಕೇಳುತ್ತೇನೆ. ಸಿಟ್ಟನ್ನು ಹೊರಗಿಟ್ಟು ಇಂಗಳಗಿಯವರನ್ನು ಗೌರವಿಸುವ ದಾರಿ ನನಗೆ ಸಿಗಲಿಲ್ಲ.

ವಿಜಾಪುರದ ಕಡೆಯಿಂದ ಬಂದು ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರ ಮಗಳು ಅವರು. ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಸಂಸ್ಥೆಗೆ ಕಾಲಿಟ್ಟಾಗ ಅವರಿಗೆ ಟೈಪಿಂಗ್ ಮಾತ್ರ ಬರುತ್ತಿತ್ತು. ಪ್ರೊಜೆಕ್ಟರ್ ನಡೆಸುವವರು ಒಂದು ವಾರ ಬಾರದೆಹೋದಾಗ “ನೀವೇ ನೋಡಿಕೊಳ್ಳಿ” ಎಂದರಂತೆ. ಆ ಒಂದು ವಾರ ಮೂರು ದಶಕಗಳಾಯಿತು. ರೀಲು ಹೋಯಿತು, ವಿ.ಎಚ್.ಎಸ್. ಕ್ಯಾಸೆಟ್ ಬಂತು, ಅದು ಹೋಯಿತು, ಬೆಂಕಿಪೊಟ್ಟಣದಷ್ಟೇ ಇರುವ ಡಿಜಿಟಲ್ ಟೇಪು ಬಂತು. ಪ್ರತಿ ಸಲವೂ ಹೊಸ ಯಂತ್ರದ ಪುಸ್ತಕವನ್ನು ಮನೆಗೊಯ್ದು ಓದಿ ಬಂದವರು ಇವರು, ಯಂತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಬೇರೆಯವರು. ಮಳೆಗಾಲದಲ್ಲಿ ಟೇಪುಗಳಿಗೆ ಬೂಷ್ಟು ಹಿಡಿಯದಿರಲೆಂದು ಕಬ್ಬಿಣದ ಕಪಾಟಿನೊಳಗೆ ಸಣ್ಣದೊಂದು ಬಲ್ಬು ಉರಿಸಿಡುತ್ತಿದ್ದರು. ಕರೆಂಟಿನ ದಂಡವೆಂದು ಒಬ್ಬ ಆಡಳಿತಾಧಿಕಾರಿ ಅದನ್ನು ತೆಗೆಸಿದ ವರ್ಷ ನಲವತ್ತು ಕ್ಯಾಸೆಟ್ಟುಗಳು ಹಾಳಾದವು. ಆತನಿಗೆ ಬಡ್ತಿ ಸಿಕ್ಕಿತು.

ನಾನು ಅವರ ಕೈಗೆ ಬಿದ್ದದ್ದು ಎರಡು ಸಾವಿರದ ಒಂದರಲ್ಲಿ, ವಿಡಿಯೋ ದಾಖಲೀಕರಣದ ಒಂದು ವರ್ಷದ ತರಬೇತಿಗೆಂದು. ಯೆರವಡಾದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ ನಾನು. ಮನೆಯ ಹೊಸ್ತಿಲೊಳಗೆ ಕನ್ನಡ, ಹೊರಗೆ ಮರಾಠಿ. ನನ್ನ ಜೊತೆಗೆ ಸ್ವಪ್ನಿಲ್, ದೀಪಾಲಿ, ಇಬ್ಬರೂ ಮರಾಠಿಯವರು. ಅವರಿಬ್ಬರೂ ಇಂಗಳಗಿಯವರನ್ನು ಮೇಡಮ್ ಎನ್ನುತ್ತಿದ್ದರು. ನಾನು ಮಾತ್ರ ನಮ್ಮ ಕಡೆಯ ರೂಢಿಯಂತೆ ಅಕ್ಕೋರ ಎನ್ನುತ್ತಿದ್ದೆ.

ಅವರದು ಒಂದೇ ಕಟ್ಟಳೆ. ಟೇಪು ಇಳಿಯುವಷ್ಟು ಹೊತ್ತು ಎದ್ದುಹೋಗುವಂತಿಲ್ಲ. ಒಂದು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕಿದ್ದ ಕಾಲ ಅದು. ಮೌಸು ಅಲುಗಿದರೂ ಚಿತ್ರ ತಪ್ಪುತ್ತಿತ್ತು. ಕಿವಿಗೆ ಹೆಡ್‌ಫೋನು ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟು, ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಕೇಳುತ್ತ ಒಂದು ಉದ್ದನೆಯ ವಹಿಯಲ್ಲಿ ನಿಮಿಷ ಹಾಕಿ ಮಾತು ಬರೆದುಕೊಳ್ಳಬೇಕು. ನನಗೆ ಇದು ಹಿಂಸೆಯಾಗುತ್ತಿತ್ತು.

“ಅಕ್ಕೋರ, ಕಂಪ್ಯೂಟರ್ ತಾನ ಇಳಿಸ್ಕೋತದಲ್ಲರಿ? ನಾವ್ಯಾಕ ಕುಂದ್ರಬೇಕು?”

“ಅದು ಇಳಿಸ್ಕೋತದೋ ಮಾರಾಯ. ನಿನ್ನ ಕಿವಿಯೊಳಗ ಯಾರು ಇಳಸವ್ರು?”

ಅವರ ಉಪಕಾರಗಳು ಹೀಗೆಯೇ, ಉಪಕಾರವೆಂದು ಕಾಣಿಸದ ಹಾಗೆ ಇರುತ್ತಿದ್ದವು. ದೀಪಾಲಿಯ ತಂದೆಗೆ ಪಾತ್ರೆ ಅಂಗಡಿ. ಕ್ಯಾಮರಾ ಹಿಡಿದು ಊರು ತಿರುಗುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆಂದು ಕೂಗಾಡಿ, ಅವಳನ್ನು ತರಬೇತಿಯಿಂದ ಬಿಡಿಸಿಕೊಂಡು ಹೋಗಲು ಅವರು ಒಂದು ದಿನ ಬಂದೇಬಿಟ್ಟರು. ಇಂಗಳಗಿಯವರು ವಾದ ಮಾಡಲಿಲ್ಲ. ಅವರಿಗೊಂದು ಕುರ್ಚಿ ಹಾಕಿ, ದೀಪಾಲಿ ಅವರ ಅಂಗಡಿಯಲ್ಲೇ ತೆಗೆದಿದ್ದ ಟೇಪನ್ನು ಇಳಿಸತೊಡಗಿದರು. ಮನುಷ್ಯ ಒಂದು ತಾಸು ಬಿಡದೆ ನೋಡಿದರು. ಕೊನೆಗೆ, “ನಮ್ಮ ಬೋರ್ಡಿನ ಬಣ್ಣ ಇಷ್ಟು ಹೋಗಿದೆಯೇ? ನಾನು ನೋಡಿಯೇ ಇರಲಿಲ್ಲವಲ್ಲ!” ಎಂದು ಎದ್ದರು. ಬೋರ್ಡಿಗೆ ಬಣ್ಣ ಬಂತು, ದೀಪಾಲಿ ತರಬೇತಿ ಮುಗಿಸಿದಳು.

ಇಲ್ಲಿಯವರೆಗೆ ಬರೆದದ್ದನ್ನು ಸಂಸ್ಥೆಯವರೂ ಒಪ್ಪುತ್ತಾರೆ. ಮುಂದಿನದನ್ನು ಒಪ್ಪುವುದಿಲ್ಲ, ಅದಕ್ಕಾಗಿಯೇ ಬರೆಯಬೇಕಾಗಿದೆ.

ಎರಡು ಸಾವಿರದ ಎರಡರ ಜೂನಿನಲ್ಲಿ ಕೊಂಢವಾದ ಒಂದು ಕಟ್ಟಡದ ಕೆಲಸದಲ್ಲಿ, ಪಾಯ ತೋಡಿದ ಗುಂಡಿಯ ಅಂಚಿಗೆ ಸುರಿದಿದ್ದ ಮಣ್ಣು ಕುಸಿದು ಲಾಲಪ್ಪ ಎಂಬ ಕೂಲಿಕಾರ ತೀರಿಕೊಂಡ. ಯಾದಗಿರಿ ಕಡೆಯವನು. ಕಟ್ಟಡ ಕಾರ್ಮಿಕರ ಸುರಕ್ಷತೆಯ ಬಗ್ಗೆ ಆಗ ಒಂದು ಸರಕಾರಿ ವಿಚಾರಣೆ ನಡೆದಿತ್ತು. ವಿಚಾರಣಾಧಿಕಾರಿಗೆ ನಮ್ಮ ಸಂಸ್ಥೆ ಒಂದು ವರದಿಯನ್ನೂ ಹತ್ತು ನಿಮಿಷದ ಒಂದು ಚಿತ್ರವನ್ನೂ ಕೊಡಬೇಕಿತ್ತು. ಚಿತ್ರದ ಕೆಲಸ ನಮಗೆ ಬಂತು. ಲಾಲಪ್ಪನ ಹೆಂಡತಿ ಹುಲಿಗೆವ್ವನನ್ನು ಅವನು ಸತ್ತ ವಾರದೊಳಗೇ, ತಗಡಿನ ಶೆಡ್ಡಿನ ಮುಂದೆ ಕೂರಿಸಿ ನಾವು ಮಾತಾಡಿಸಿದೆವು. ಕೂಲಿಕಾರರ ಮೇಸ್ತ್ರಿಯಾದ ಮುಕಾದಮ ಶೆಡ್ಡಿನ ತುಂಬ ಒಂದು ಮಾತು ಹಬ್ಬಿಸಿದ್ದ: ಲಾಲಪ್ಪ ಹುಂಬ, ತಡಿ ಅಂದರೂ ಕೇಳದೆ ತಾನೇ ಇಳಿದ. ಅವನ ಮಗಳು ಸಪ್ನಾಗೆ, ಎಂಟು ವರ್ಷದವಳಿಗೆ, ಉಳಿದ ಮಕ್ಕಳು ಅದನ್ನೇ ಹೇಳಿ ಅಣಕಿಸುತ್ತಿದ್ದರು. ಹುಲಿಗೆವ್ವ ನಮ್ಮ ಕ್ಯಾಮರಾದ ಮುಂದೆ ಕೂತದ್ದು ಆ ಒಂದು ಮಾತನ್ನು ಅಳಿಸಲಿಕ್ಕೆ, ಬೇರೇನಕ್ಕೂ ಅಲ್ಲ.

ಟೇಪು ಇಳಿಸುವ ವಾರ ಇಂಗಳಗಿಯವರು ತಂಗಿಯ ಮಗಳ ಮದುವೆಗೆ ವಿಜಾಪುರಕ್ಕೆ ಹೋಗಿದ್ದರು. ಕಂಪ್ಯೂಟರಿನ ಡಿಸ್ಕು ತುಂಬಿತ್ತು, ಕೆಲವೇ ನಿಮಿಷಗಳಿಗೆ ಜಾಗವಿತ್ತು. ನಾನು ಪೂರ್ತಿ ಕೇಳದೆ, ಮುಂದೆ ಹಿಂದೆ ಓಡಿಸಿ, ಹುಲಿಗೆವ್ವನ ಮುಖ ಚೆನ್ನಾಗಿ ಬಂದ ಚೂರುಗಳನ್ನಷ್ಟೇ ಇಳಿಸಿದೆ. ಅದರಲ್ಲಿ ಒಂದು ಚೂರು ಎಂಟು ಸೆಕೆಂಡಿನದು. ಅದರಲ್ಲಿದ್ದದ್ದು ಇಷ್ಟು: “ನಾಳಿ ತಗೀತೀವಿ ಅಂದ್ರು. ಇವ ಇಳದ.”

ಚಿತ್ರಕ್ಕೆ ಮರಾಠಿ ಅಡಿಬರಹ ಹಾಕುವ ಕೆಲಸ ಸ್ವಪ್ನಿಲ್‌ನದು. ಅವನಿಗೆ ಕನ್ನಡ ಬಾರದು. ‘ತಗೀತೀವಿ’ ಅಂದರೇನೆಂದು ನನ್ನನ್ನು ಕೇಳಿದ. ನಾನು ಯಾವುದೋ ದೂರದೇಶದ ಕಾದಂಬರಿಯ ಅನುವಾದ ಓದುತ್ತಿದ್ದೆ, ತಲೆ ಎತ್ತದೆಯೇ “ಕಾಢತೊ” ಅಂದೆ. ತೆಗೆಯುತ್ತೇವೆ, ಸರಿಯಾದ ಅರ್ಥವೇ. ‘ನಾಳಿ’ ಏನೆಂದು ಅವನು ಕೇಳಲಿಲ್ಲ, ಯಾಕೆಂದರೆ ಅದು ತನಗೆ ಗೊತ್ತಿದೆ ಎಂದುಕೊಂಡ. ನಮ್ಮ ಆಡುಮಾತಿನಲ್ಲಿ ನಾಳಿ ಎಂದರೆ ನಾಳೆ. ಮರಾಠಿಯ ಕಿವಿಗೆ ಅದು ನಾಲಿ, ಅಂದರೆ ಚರಂಡಿ; ನಾಲಿ ‘ಕಾಢಣೆ’ ಎಂದರೆ ಚರಂಡಿ ತೋಡುವುದು. ಹೀಗೆ ಹುಲಿಗೆವ್ವನ ಗಂಡನನ್ನು ಕೊಂದ ‘ನಾಳೆ ತೆಗೆಯುತ್ತೇವೆ’ ಎಂಬ ಮಾತು ಮರಾಠಿಯಲ್ಲಿ ‘ಚರಂಡಿ ತೋಡುತ್ತೇವೆ’ ಆಯಿತು. ವರದಿ ಬರೆದ ವಿಭಾಗ ಮುಖ್ಯಸ್ಥರು ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು: ನೀರು ಹೊರಹೋಗಲು ಚರಂಡಿ ತೋಡುವ ವ್ಯವಸ್ಥೆ ಆಗುತ್ತಿತ್ತು, ಅದಕ್ಕೆ ಕಾಯದೆ ಕೂಲಿಕಾರ ತಾನೇ ಗುಂಡಿಗೆ ಇಳಿದದ್ದು ದುರ್ದೈವ ಎಂದು. ಹೆಂಡತಿಯ ಹೇಳಿಕೆಯೇ ಆಧಾರ ಎಂದು. ಮುಕಾದಮನ ಸುಳ್ಳಿಗೆ ಸತ್ತವನ ಹೆಂಡತಿಯನ್ನೇ ನಾವು ಸಾಕ್ಷಿ ಮಾಡಿದ್ದೆವು.

ಇಂಗಳಗಿಯವರು ಮರಳಿದ್ದು ಸಂಸ್ಥಾಪನಾ ದಿನದ ಬೆಳಿಗ್ಗೆ. ವರದಿ, ಚಿತ್ರ ಎರಡೂ ಅಷ್ಟರಲ್ಲಿ ಹೋಗಿಯಾಗಿತ್ತು. ಮದುವೆಯ ಉಂಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಏನೇನ ಮಾಡೀರಿ, ತೋರಿಸ್ರಿ” ಎಂದರು. ಹೆಮ್ಮೆಯಿಂದ ತೋರಿಸಿದೆವು. ಆ ಎಂಟು ಸೆಕೆಂಡು ಬಂದಾಗ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

“ಇದನ್ನ ಬರದವ್ರು ಯಾರು?”

“ಸ್ವಪ್ನಿಲ್, ಅಕ್ಕೋರ.”

“ಅವಂಗ ಬರೂದಿಲ್ಲ, ಅವಂದೇನ ತಪ್ಪು? ನೀ ಎಲ್ಲಿದ್ದಿ ಮಾಂತೂ? ನಿಮ್ಮವ್ವ ನಾಳಿ ಬಾ ಅಂದ್ರ ಗಟಾರಕ್ಕ ಹೋಗಿ ಕುಂದರತಿ ಏನು?”

ಅವರು ಟೇಪು ಎಲ್ಲಿದೆ ಎಂದು ಕೇಳಿದರು. ಸಂಸ್ಥೆಯ ನಿಯಮವೊಂದಿತ್ತು: ಇಳಿಸಿದ ಟೇಪನ್ನು ಸ್ಟೋರಿಗೆ ಮರಳಿಸಬೇಕು, ಅದರ ಮೇಲೆಯೇ ಮುಂದಿನ ಕಾರ್ಯಕ್ರಮ ತುಂಬಿಸಬೇಕು. ಹುಲಿಗೆವ್ವನ ಟೇಪು ಆ ಹೊತ್ತಿಗೆ ಸಭಾಭವನದ ಕ್ಯಾಮರಾದೊಳಗಿತ್ತು, ಸಂಸ್ಥಾಪನಾ ದಿನದ ಸಮಾರಂಭ ಅದರ ಮೇಲೆ ಏರುತ್ತಿತ್ತು.

ಐವತ್ತೆರಡು ವರ್ಷದ ಆ ಹೆಂಗಸು ಮದುವೆಯ ಇಳಕಲ್ ಸೀರೆಯಲ್ಲೇ ಎರಡು ಮಾಳಿಗೆ ಓಡಿ ಇಳಿದದ್ದನ್ನು ನಾನು ನೋಡಿದ್ದೇನೆ. ವೇದಿಕೆಯ ಮೇಲೆ ಮುಖ್ಯ ಅತಿಥಿಗಳಿಗೆ ಮಾಲೆ ಹಾಕುತ್ತಿದ್ದರು. ಕ್ಯಾಮರಾದ ಹಿಂದೆ ಜವಾನ ಶಿವಪ್ಪ ನಿಂತಿದ್ದ. ಅವರು ನೆಟ್ಟಗೆ ಹೋಗಿ ಗುಂಡಿ ಒತ್ತಿ ಟೇಪನ್ನು ಹೊರಗೆಳೆದರು.

“ಅಕ್ಕೋರ, ಸಾಹೇಬ್ರು ಬಯ್ತಾರ್ರಿ!”

“ಬಯ್ಯಲಿ. ನಿನಗಲ್ಲ, ನನಗ.”

ಹನ್ನೊಂದು ನಿಮಿಷ ಹೋಗಿತ್ತು. ಲಾಲಪ್ಪನ ಜೊತೆಗಾರರು ಗುಂಡಿಯ ಅಂಚಿನಲ್ಲಿ ನಿಂತು, ಮಣ್ಣಿನ ಗುಡ್ಡೆ ಎಲ್ಲಿತ್ತು, ಎಷ್ಟೆತ್ತರ ಇತ್ತು ಎಂದು ಕೈ ಮಾಡಿ ತೋರಿಸಿದ್ದ ಹನ್ನೊಂದು ನಿಮಿಷ. ಆ ಗುಂಡಿ ಈಗ ಇಲ್ಲ, ಅದರ ಮೇಲೆ ಏಳು ಅಂತಸ್ತು ನಿಂತಿದೆ. ಅದರ ಚಿತ್ರವೂ ಇಲ್ಲ, ಆ ಜಾಗದಲ್ಲಿ ಈಗ ಸ್ವಾಗತಗೀತೆಯೂ ಹೂಮಾಲೆಯೂ ಇವೆ. ಹುಲಿಗೆವ್ವನ ಮಾತು ಮೂವತ್ತನಾಲ್ಕನೆಯ ನಿಮಿಷದಲ್ಲಿತ್ತು, ಆದ್ದರಿಂದ ಉಳಿಯಿತು. ಅವರು ಡಿಸ್ಕಿನಲ್ಲಿದ್ದ ಹಳೆಯ ಸಮಾರಂಭಗಳನ್ನೆಲ್ಲ ಅಳಿಸಿ ಜಾಗ ಮಾಡಿದರು. ಸಭಾಭವನದಿಂದ ಚಪ್ಪಾಳೆ ಕೇಳುತ್ತಿದ್ದಂತೆ ಕೂತು ಉಳಿದದ್ದನ್ನು ಒಂದು ಸೆಕೆಂಡೂ ಬಿಡದೆ ಇಳಿಸಿದರು. ಹೆಡ್‌ಫೋನಿನ ಒಂದು ಕಿವಿ ಅವರಿಗೆ, ಇನ್ನೊಂದು ನನಗೆ. ಆಗ ನಾನು ಮೊದಲ ಸಲ ಪೂರ್ತಿ ಮಾತು ಕೇಳಿದೆ:

“ಮಣ್ಣಿನ ಗುಡ್ಡಿ ಮೈಮ್ಯಾಲ ಬೀಳತದ, ಮೊದಲ ಅದನ್ನ ತಗೀರಿ, ಆಮ್ಯಾಲ ಇಳೀತೀನಿ ಅಂದ. ನಾಳಿ ತಗೀತೀವಿ ಅಂದ್ರು. ಇವ ಇಳದ. ಇವತ್ತ ಇಳೀಲಿಲ್ಲಂದ್ರ ನಾಳಿ ಕೆಲಸಕ್ಕ ಬರಬ್ಯಾಡ ಅಂದಿದ್ರು ಮತ್ತ.”

ಇಷ್ಟು ನೇರವಾದ ಮಾತು. ಅವನು ಹುಂಬನಲ್ಲ, ಎಚ್ಚರಿಸಿದವನೇ ಅವನು. ಮಧ್ಯದ ಎಂಟು ಸೆಕೆಂಡು ಹೆಕ್ಕಿಕೊಂಡು ನಾನು ಅವನನ್ನು ಹುಂಬನನ್ನಾಗಿ ಮಾಡಿದ್ದೆ.

ಮರುದಿನ ವಿಭಾಗ ಮುಖ್ಯಸ್ಥರ ಕೋಣೆಗೆ ಅವರು ಹೋದಾಗ ನಾನೂ ಬಾಗಿಲಲ್ಲಿ ನಿಂತಿದ್ದೆ. ಮುಖ್ಯಸ್ಥರು ಮೊದಲು ಸಮಾರಂಭದ ಮಾತೆತ್ತಿದರು. ಮುಖ್ಯ ಅತಿಥಿಗಳ ಭಾಷಣ ದಾಖಲಾಗದೆ ಹೋದದ್ದು ಸಂಸ್ಥೆಯ ಇತಿಹಾಸದಲ್ಲೇ ಮೊದಲು ಎಂದರು. ಆಮೇಲೆ ‘ನಾಳಿ’ಯ ವಿಷಯ ಕೇಳಿ ನಕ್ಕು, ಮರಾಠಿಯಲ್ಲಿ ಹೇಳಿದರು: “ಒಂದು ಶಬ್ದ ಮೇಡಮ್. ಒಂದು ಶಬ್ದದಿಂದ ಸತ್ತವನು ಎದ್ದು ಬರುತ್ತಾನೆಯೇ? ವರದಿ ಹೋಗಿ ಆಯಿತು. ಈಗ ತಿದ್ದಿದರೆ ಸಂಸ್ಥೆಯ ವಿಶ್ವಾಸಾರ್ಹತೆ ಏನಾಗಬೇಕು?”

“ಆ ಒಂದು ಶಬ್ದದ ಮೇಲೆ ಸತ್ತವನನ್ನು ತಪ್ಪುಗಾರನನ್ನಾಗಿ ಮಾಡಿದ್ದೀರಿ, ಸರ್.”

“ಶಬ್ದಗಳು ನಿಮ್ಮ ವಿಭಾಗವಲ್ಲ. ನಿಮ್ಮ ಕೆಲಸ ಟೇಪು ಇಳಿಸುವುದು.”

“ಹೌದು. ಪೂರ್ತಿ ಇಳಿಸಿದ್ದೇನೆ,” ಎಂದು ಹೇಳಿ ಅವರು ಹೊರಗೆ ಬಂದರು.

ಆ ಶನಿವಾರ ಹುಲಿಗೆವ್ವನನ್ನೂ ಸಪ್ನಾಳನ್ನೂ ಕರೆಸಿ, ಮೊದಲು ಕಳಿಸಿದ್ದ ಚೂರನ್ನೂ ಈಗ ಪೂರ್ತಿ ಇಳಿಸಿದ್ದನ್ನೂ ತೋರಿಸಿ, ಬರೆದುಕೊಂಡ ಒಂದೊಂದು ಮಾತನ್ನೂ ಓದಿ ಹೇಳಿ ಒಪ್ಪಿಸಿದರು. ಹುಲಿಗೆವ್ವ ತೆರೆಯ ಮೇಲಿನ ತನ್ನನ್ನು ಬಹಳ ಹೊತ್ತು ನೋಡಿದಳು.

“ನಾ ಅಂದದ್ದು ಖರೇ ಅದರಿ. ಮತ್ತ ಅವತ್ತ ಅರ್ಧಾ ಯಾಕ ಇಟ್ಟಿದ್ರಿ?”

ಇಂಗಳಗಿಯವರೇ ಹೇಳಿದರು: “ಉಳಿದಿದ್ರಾಗ ನಿನ್ನ ಮುಖ ಛಂದ ಬಂದಿದ್ದಿಲ್ಲಂತ.”

“ಗಂಡ ಸತ್ತ ವಾರದಾಗ ಮುಖ ಛಂದ ಬರತದೇನ್ರಿ ಅಕ್ಕೋರ?”

ಸೌಂದರ್ಯದ ಬಗ್ಗೆ ಬಹಳಷ್ಟು ಓದಿದ್ದೇನೆ. ಈ ಪ್ರಶ್ನೆಗೆ ಓದಿದ್ದರಲ್ಲಿ ಎಲ್ಲೂ ಜವಾಬು ಕಂಡಿಲ್ಲ.

ಸಂಸ್ಥೆಯ ಕಾಗದ ಬಳಸದೆ, ತಮ್ಮ ಮನೆಯ ವಿಳಾಸದಿಂದ, ತಮ್ಮದೇ ಹೆಸರಿನಲ್ಲಿ ನಾಲ್ಕು ಪುಟದ ಮರಾಠಿ ಪತ್ರವೊಂದನ್ನು ಇಂಗಳಗಿಯವರು ವಿಚಾರಣಾಧಿಕಾರಿಗೆ ಬರೆದರು. ಹುಲಿಗೆವ್ವನ ಕನ್ನಡವನ್ನು ದೇವನಾಗರಿಯಲ್ಲಿ ಹಾಗೆ ಹಾಗೆಯೇ ಬರೆದು, ಪ್ರತಿ ಶಬ್ದದ ಕೆಳಗೆ ಅರ್ಥ ಕೊಟ್ಟು, ‘ನಾಳಿ’ ಎಂಬಲ್ಲಿ ಎರಡು ಗೆರೆ ಎಳೆದಿದ್ದರು. ಪ್ರತಿ ಮಾಡಿದ ಸಿ.ಡಿ.ಯೊಂದನ್ನು ಜೊತೆಗಿಟ್ಟು ರಿಜಿಸ್ಟರ್ ಮಾಡಿದರು. ತಪ್ಪು ಯಾರದೆಂಬಲ್ಲಿ ನನ್ನ ಹೆಸರನ್ನಾಗಲಿ ಸ್ವಪ್ನಿಲ್‌ನ ಹೆಸರನ್ನಾಗಲಿ ಬರೆಯಲಿಲ್ಲ; ‘ನಮ್ಮ ವಿಭಾಗದ ತಪ್ಪು’ ಎಂದು ಬರೆದು ಸಹಿ ಹಾಕಿದರು. ಆ ತಪ್ಪು ನಡೆದಾಗ ಅವರು ಊರಲ್ಲೇ ಇರಲಿಲ್ಲ.

ಪತ್ರದ ಸುದ್ದಿ ಸಂಸ್ಥೆಗೆ ಮುಟ್ಟಿದ ತಿಂಗಳೊಳಗೆ ಅವರನ್ನು ಎಡಿಟಿಂಗ್ ಕೋಣೆಯಿಂದ ಸ್ಟೋರಿಗೆ ಹಾಕಿದರು. ಕುಂಟು ಕುರ್ಚಿಗಳು, ಹಳೆಯ ಬ್ಯಾನರುಗಳು, ಪೊರಕೆಗಳು ಇರುವ, ಕಿಟಕಿಯಿಲ್ಲದ ನೆಲಮಾಳಿಗೆ. ಕಂಪ್ಯೂಟರಿಲ್ಲ. ಟೇಪು ಮುಟ್ಟುವಂತಿಲ್ಲವೆಂದು ಲಿಖಿತ ಆದೇಶ. ಅಲ್ಲಿ ಆರು ವರ್ಷ. ನಾವು ವಿದ್ಯಾರ್ಥಿಗಳು ಏನು ಮಾಡಿದೆವು? ಪ್ರಮಾಣಪತ್ರ ತೆಗೆದುಕೊಂಡು ಹೊರಟುಹೋದೆವು. ಇದನ್ನು ಬರೆಯುವಾಗ ನನ್ನ ಸಿಟ್ಟು ಮುಖ್ಯಸ್ಥರೊಬ್ಬರ ಮೇಲೆಯೇ ಇದೆ ಎಂದು ಯಾರೂ ತಿಳಿಯಬಾರದು.

ಎರಡು ಸಾವಿರದ ನಾಲ್ಕರ ಕೊನೆಗೆ ವಿಚಾರಣೆಯ ಅಂತಿಮ ಕಾಗದ ಬಂತು. ಇಂಗಳಗಿಯವರ ಮನೆಯ ವಿಳಾಸಕ್ಕೆ ಅದರ ಒಂದು ಪುಟ ಅಂಚೆಯಲ್ಲಿ ಬಂದಿತ್ತು. ಅದನ್ನು ಓದಿಸಿಕೊಳ್ಳಲು ಹುಲಿಗೆವ್ವ ಸ್ಟೋರಿಗೆ ಬಂದ ದಿನ, ಅವಳನ್ನು ಕರೆತಂದವನು ನಾನೇ. ಅವರು ಓದಿ, ಕನ್ನಡದಲ್ಲಿ ಹೇಳಿದರು.

“ಹಂಗಾರ ಅವಂದು ತಪ್ಪಿಲ್ಲಂತ ಬರದಾರ್ರಿ?”

“ಹಂಗ ಬರದಿಲ್ಲ ಹುಲಿಗೆವ್ವ. ಅವಂದ ತಪ್ಪು ಅಂತ ಮೊದಲ ಇತ್ತಲ್ಲ, ಆ ಸಾಲು ಹೊಡದಹಾಕ್ಯಾರ.”

“ಅಷ್ಟ?”

“ಅಷ್ಟ.”

ಹುಲಿಗೆವ್ವ ಆ ಕಾಗದವನ್ನು ಇಸಿದುಕೊಂಡು, ಹೊಡೆದುಹಾಕಿದ ಸಾಲು ಎಲ್ಲಿತ್ತೆಂದು ಬೆರಳಿಟ್ಟು ಕೇಳಿಕೊಂಡಳು. ಸಪ್ನಾಗೆ ತೋರಿಸಬೇಕು ಎಂದಳು. ಆಮೇಲೆ ತಲೆಯೆತ್ತಿ ಆ ಕೋಣೆಯನ್ನು, ಕುರ್ಚಿಗಳ ರಾಶಿಯನ್ನು, ಒಂದೇ ಟ್ಯೂಬ್‌ಲೈಟನ್ನು ನೋಡಿದಳು.

“ಅಷ್ಟಕ್ಕ ನಿಮ್ಮನ್ನ ಇಲ್ಲಿ ಕುಂಡರಿಸ್ಯಾರ್ರಿ?”

“ಇಲ್ಲಿ ತಂಪದ ಬಿಡ,” ಎಂದು ಅವರು ನಕ್ಕರು.

ಮೊನ್ನೆ ಮೇ ತಿಂಗಳ ಬೀಳ್ಕೊಡುಗೆ ಸಮಾರಂಭದಲ್ಲಿ ಸಂಸ್ಥೆಯವರು ಅವರಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ‘ಮೂವತ್ತೊಂದು ವರ್ಷಗಳ ಮೂಕ ಸೇವೆ’ ಎಂದು ಹೊಗಳಿದರು. ಅವರು ಎಂದೂ ಎದುರು ಮಾತಾಡಲಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸುಳ್ಳಿಗೂ ಒಂದು ಮರ್ಯಾದೆ ಬೇಡವೇ? ಆ ಕಟ್ಟಡದಲ್ಲಿ ಮಾತಾಡಬೇಕಾದ ಹೊತ್ತಿಗೆ ಮಾತಾಡಿದವರು ಅವರೊಬ್ಬರೇ. ಮೂಕರಾಗಿದ್ದವರು ಉಳಿದ ನಾವೆಲ್ಲ. ಈ ಗ್ರಂಥದಲ್ಲಿ ‘ಮೂಕ’ ಎಂಬ ಆ ಒಂದು ಪದ ಎಲ್ಲಾದರೂ ಅಚ್ಚಾಗಿದ್ದರೆ ಓದುಗರು ದಯವಿಟ್ಟು ಹೊಡೆದುಹಾಕಿ ಓದಬೇಕೆಂದು ಕೋರುತ್ತೇನೆ.

ಸಂಸ್ಥೆಯ ಬೀಗ ಹಾಕಿದ ಕಪಾಟಿನಲ್ಲಿ ಇನ್ನೂ ನಲವತ್ತಾರು ಟೇಪುಗಳಿವೆ. ಯೆರವಡಾ, ಕೊಂಢವಾ, ಹಡಪಸರದ ಶೆಡ್ಡುಗಳಲ್ಲಿ ಕನ್ನಡದ ಜನ ಆಡಿದ ಮಾತುಗಳು. ಕೆಲವು ಅರ್ಧ ಇಳಿದಿವೆ, ಬಹಳಷ್ಟು ಇಳಿದೇ ಇಲ್ಲ. ರದ್ದಿಗೆ ಹಾಕುವ ಮಾತು ನಡೆದಿದೆ. ನಿವೃತ್ತಿಯ ಮರುದಿನವೇ ಇಂಗಳಗಿಯವರು, ಸಂಬಳವಿಲ್ಲದೆ ದಿನವೂ ಬಂದು ಅವನ್ನೆಲ್ಲ ಇಳಿಸಿಕೊಡುತ್ತೇನೆ, ಒಂದು ಮೇಜು ಕೊಡಿ ಎಂದು ಅರ್ಜಿ ಹಾಕಿದ್ದಾರೆ. ಇಂದಿಗೂ ಉತ್ತರವಿಲ್ಲ.

ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂದು ನಾನು ಹಾರೈಸುವುದಿಲ್ಲ. ವಿಶ್ರಾಂತಿಯನ್ನು ಅವರು ಕೇಳಿಲ್ಲ. ಅವರ ಕಣ್ಣು ಮಂಜಾಗದಿರಲಿ, ಕಿವಿ ಈಗಿನಷ್ಟೇ ಚುರುಕಾಗಿರಲಿ, ಎರಡು ಮಾಳಿಗೆ ಓಡಿ ಇಳಿಯುವ ಕಾಲು ಹಾಗೆಯೇ ಇರಲಿ. ಆ ಕಪಾಟಿನ ಬೀಗದ ಕೈ ಇಟ್ಟುಕೊಂಡವರೆಲ್ಲ ಒಬ್ಬೊಬ್ಬರಾಗಿ ಶಾಲು ಹೊದ್ದು ಮನೆಗೆ ಹೋಗುವವರೆಗೆ, ಅದಾದ ಮೇಲೆ ನಲವತ್ತಾರನೆಯ ಟೇಪಿನ ಕೊನೆಯ ಮಾತು ಇಳಿಯುವವರೆಗೆ, ಶಾಮಲಾ ಇಂಗಳಗಿಯವರು ಗಟ್ಟಿಯಾಗಿ ಬಾಳಲಿ.